ಮೋಯ್ರಾ ಹಾಕಿದ ಎರಡು ವೋಟು

ಇವತ್ತು ಬೆಳಿಗ್ಗೆ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದೆ. ಬೆಣ್ಣೆಯ ಪರಿಮಳ ಘಮ್ಮೆಂದು ಮೂಗಿಗೆ ಬಂತು. ಸ್ಕಾಟ್ಲೆಂಡಿನಿಂದ ಬಂದವರೊಬ್ಬರ ಕೈಯಲ್ಲಿ ಆಲನ್ ಕಳಿಸಿಕೊಟ್ಟ ಬಿಸ್ಕತ್ತು. ಒಂದನ್ನು ಬಾಯಿಗೆ ಹಾಕಿಕೊಂಡವಳೇ ಒಬ್ಬಳೇ ನಗತೊಡಗಿದೆ. ಮಗಳು ಮೊಬೈಲಿನಿಂದ ತಲೆಯೆತ್ತಿ, "ಆಯಿ, ಕಾಯ್ ಝಾಲಂ?" ಎಂದಳು. ಏನಾಯಿತೆಂದು ಹೇಳಲು ಹೊರಟರೆ ಇವಳ ತಾಳ್ಮೆ ಸಾಲದು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ, ನಿಮಗೇ ಹೇಳುತ್ತೇನೆ.

ಅದು ೨೦೧೪. ಬ್ರಿಟನ್ನಿನ ಜೊತೆ ಇರಬೇಕೋ, ಬೇರೆಯಾಗಿ ಸ್ವತಂತ್ರ ದೇಶವಾಗಬೇಕೋ ಎಂದು ಸ್ಕಾಟ್ಲೆಂಡಿನ ಜನ ವೋಟು ಹಾಕಿ ತೀರ್ಮಾನಿಸಲು ಹೊರಟಿದ್ದ ವರ್ಷ. ನಾನು ಆಗ ಮಹಾಪೆಯ ಒಂದು ಕಂಪನಿಯಲ್ಲಿದ್ದೆ. ಅಲ್ಲಿಗೆ ಕೆಲವು ತಿಂಗಳ ಕೆಲಸಕ್ಕೆಂದು ಬಂದವನು ಈ ಆಲನ್. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಕೆಂಪು ಹುಬ್ಬು, ಕ್ಯಾಂಟೀನಿನ ಊಟ ಕಂಡರೆ ಅಳುಮುಖ. ಪಾಪವೆನಿಸಿ ಒಂದು ಮಧ್ಯಾಹ್ನ ಘಣಸೋಲಿಯಲ್ಲಿ ಅಪ್ಪ ನಡೆಸುತ್ತಿದ್ದ ಹೋಟೆಲಿಗೆ ಕರೆದುಕೊಂಡು ಹೋದೆ. ನೀರ್ದೋಸೆಯ ಮೊದಲ ತುತ್ತಿಗೇ ಅವನು ಕಣ್ಣು ಮುಚ್ಚಿದ. ಆಮೇಲೆ ಅವನು ಬೇರೆಲ್ಲೂ ಊಟ ಮಾಡಿದ್ದನ್ನು ನಾನು ಕಾಣೆ.

ಅಪ್ಪನಿಗೆ ಅವನ ಇಂಗ್ಲಿಷ್ ತಿಳಿಯದು, ಅವನಿಗೆ ಅಪ್ಪನದು. ಹಾಗಾಗಿ ನಾನು ದುಭಾಷಿ. ಒಂದು ಗುಟ್ಟು ಹೇಳಲೇ? ಅವನ ಉಚ್ಚಾರ ನನಗೂ ತಿಳಿಯುತ್ತಿರಲಿಲ್ಲ. ಬಾಯೊಳಗೆ ಗೋಲಿ ಉರುಳಿಸಿದಂತೆ ಮಾತಾಡುತ್ತಿದ್ದ. ಅರ್ಧ ಕೇಳಿ, ಅರ್ಧ ಊಹಿಸಿ, ಅಪ್ಪನಿಗೆ ತುಳುವಿನಲ್ಲಿ ದಾಟಿಸುತ್ತಿದ್ದೆ. ಅವನು ಸಮುದ್ರದಲ್ಲಿ ಸಿಗುವ ಪೆಟ್ರೋಲಿಯಂ ಬಗ್ಗೆ ಹೇಳಿದ್ದನ್ನು ನಾನು ಅಡುಗೆ ಎಣ್ಣೆ ಮಾಡಿಬಿಟ್ಟೆ. ಸ್ಕಾಟ್ಲೆಂಡಿನಲ್ಲಿ ಸಮುದ್ರದ ದಂಡೆಗೆ ತೆಂಗಿನ ತೋಟಗಳಿವೆಯೆಂದು ಅಪ್ಪ ಎರಡು ವಾರ ನಂಬಿಕೊಂಡಿದ್ದರು.

ಬೇರೆಯಾಗುವುದರ ವಿಚಾರದಲ್ಲಿ ಅಪ್ಪ ತಾವೊಬ್ಬ ಪಂಡಿತರೆಂದುಕೊಂಡಿದ್ದರು. ಹಿಂದೊಮ್ಮೆ ಠಾಣೆಯಲ್ಲಿ ಪಾರ್ಟ್‌ನರ್ ಜೊತೆ ಹೋಟೆಲು ನಡೆಸಿ, ಜಗಳವಾಡಿ ಹೊರಬಂದವರು ಅವರು. ಬೇರೆ ಆಗುವುದು ಸುಲಭ, ಕಷ್ಟವಿರುವುದು ಬೋರ್ಡು ಯಾರಿಗೆ, ಕಾವಲಿ ಯಾರಿಗೆ, ಹಳೇ ಗಿರಾಕಿ ಯಾರಿಗೆ ಎನ್ನುವುದರಲ್ಲಿ ಎಂದು ಅವರ ವಾದ. ಆಲನ್ ಖುಷಿಯಿಂದ ಮೇಜು ಕುಟ್ಟಿದ. ಅವರ ನಾಡಿನಲ್ಲೂ ಅದೇ ತಕರಾರಂತೆ: ಪೌಂಡು ಯಾರಿಗೆ, ರಾಣಿ ಯಾರಿಗೆ, ಎಣ್ಣೆ ಯಾರಿಗೆ. ತಾನು 'ಬೇಡ' ಪಕ್ಷ, ಒಟ್ಟಿಗೇ ಇರುವುದು ಒಳ್ಳೆಯದು ಎಂದ. ಅಂದು ಅಪ್ಪ ಅವನಿಗೆ ಪಾಯಸ ಎರಡು ಸಲ ಬಡಿಸಿದರು.

ಹೋಟೆಲಿಗೆ ಸ್ಟೀಲಿನ ತಟ್ಟೆ ಲೋಟ ತಂದುಕೊಡುತ್ತಿದ್ದ ಉಲ್ಹಾಸನಗರದ ಸಿಂಧಿ ಮುದುಕರೊಬ್ಬರಿದ್ದರು, ಲಛಮನ್‌ಭಾಯಿ. ದೇಶ ಒಡೆದಾಗ ತಾಯಿಯ ಸೊಂಟದ ಮೇಲೆ ಕೂತು ಇತ್ತ ಬಂದವರು. ನಮ್ಮ ಗಲಾಟೆಯನ್ನೆಲ್ಲ ಕೇಳುತ್ತ ಅವರು ಚಹಾ ಕುಡಿಯುತ್ತಿದ್ದರು. ಕೊನೆಗೆ, "ಪೂಛ್ ಕೇ ಅಲಗ್ ಹೋ ರಹೇ ಹೈ ಕ್ಯಾ?" ಎಂದು ಕೇಳಿದರು. ಹೌದು, ಎಲ್ಲರನ್ನೂ ಕೇಳಿಯೇ, ಒಂದು ಪ್ರಶ್ನೆಗೆ ಹೌದು ಅಥವಾ ಬೇಡ ಎಂದು ಗುರುತು ಹಾಕಿಸಿಕೊಂಡೇ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು, "ಹಮ್ ಸೇ ತೋ ಕಿಸೀ ನೇ ಪೂಛಾ ನಹೀ" ಎಂದರು. ನಮ್ಮನ್ನು ಯಾರೂ ಕೇಳಲೇ ಇಲ್ಲ. ಆ ಮಾತನ್ನು ಮಾತ್ರ ನಾನು ಆಲನ್‌ಗೆ ಒಂದಕ್ಷರ ತಪ್ಪದೆ ದಾಟಿಸಿದೆ. ಅವನು ಎದ್ದು ಹೋಗಿ ಮುದುಕರ ಎದುರು ಕೂತ. 

ಆಲನ್‌ನ ಸಂಕಟ ಹೊರಬಂದದ್ದು ಆಮೇಲೆ. ಊರಿನಲ್ಲಿದ್ದ ಅವನ ಹೆಂಡತಿ ಮೋಯ್ರಾ ಪಕ್ಕಾ 'ಹೌದು' ಪಕ್ಷ. ಶಾಲೆಯಲ್ಲಿ ಪಾಠ ಮುಗಿಸಿ, ಸಂಜೆ ಮನೆಮನೆಯ ಬಾಗಿಲು ತಟ್ಟಿ ಪ್ರಚಾರ ಮಾಡುವವಳು. ಫೋನಿನಲ್ಲಿ ಮಾತು 'ಊಟ ಆಯ್ತಾ' ಎಂದು ಶುರುವಾಗಿ ಜಗಳದಲ್ಲಿ ಮುಗಿಯುತ್ತಿತ್ತಂತೆ. ಈಚೆಗೆ ಶುರುವೂ ಆಗುತ್ತಿರಲಿಲ್ಲ. ಮತದಾನಕ್ಕೆ ಅವನು ಹೋಗುವಂತಿಲ್ಲ, ಕೆಲಸ ಮುಗಿದಿಲ್ಲ. ತನ್ನ ಪರವಾಗಿ ವೋಟು ಹಾಕಲು ಇನ್ನೊಬ್ಬರನ್ನು ನೇಮಿಸಬಹುದು ಎಂಬ ಕಾನೂನು ಅಲ್ಲಿದೆ. ಯಾರನ್ನು ನೇಮಿಸಿದನೆಂದು ಕೇಳಿದೆ. ಮೋಯ್ರಾಳನ್ನು ಎಂದ.

ನಾನು ಅನುವಾದಿಸಿ ಮುಗಿಸುವ ಮೊದಲೇ ಅಪ್ಪ ಹಣೆ ಚಚ್ಚಿಕೊಂಡರು. "ಇವನಿಗೆ ತಲೆ ಸಮ ಉಂಟಾ? ಬೆಕ್ಕಿನ ಹತ್ರ ಹಾಲು ಕಾಯ್ಲಿಕ್ಕೆ ಕೊಟ್ಟಿದ್ದಾನಲ್ಲ ಮಾರಾಯ್ತಿ."

ಹೋಟೆಲು ಅಲ್ಲಿಗೆ ಎರಡು ಭಾಗವಾಯಿತು. ಸ್ಕಾಟ್ಲೆಂಡು ಯಾರಿಗೂ ಬೇಕಿರಲಿಲ್ಲ, ಮೋಯ್ರಾ ಗಂಡನ ವೋಟನ್ನು ಗಂಡ ಹೇಳಿದಂತೆ ಹಾಕುತ್ತಾಳೋ ಇಲ್ಲವೋ, ಅದೇ ಪ್ರಶ್ನೆ. ದೋಸೆ ಹಾಕುವವರು, ಗಿರಾಕಿಗಳು, ಹೊರಗೆ ನಿಂತ ರಿಕ್ಷಾದವರು, ಎಲ್ಲರದ್ದೂ ಒಂದೊಂದು ಅಭಿಪ್ರಾಯ. ಬಹುಮತ ಅಪ್ಪನ ಕಡೆಗಿತ್ತು, ನಾನೂ ಅಲ್ಲೇ ಇದ್ದೆ. ವಿರುದ್ಧ ನಿಂತವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಮ್ಮ.

"ಹಾಕ್ತಾಳೆ," ಎಂದರು ಅಮ್ಮ. "ನಂಬಿ ಕೊಟ್ಟದ್ದಲ್ಲವಾ."

ಮತದಾನದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಆಲನ್‌ನ ಫೋನು ಬಡಿದುಕೊಂಡಿತು. ಅಲ್ಲಿ ಆಗಿನ್ನೂ ಬೆಳಿಗ್ಗೆ. ಅವನ ಕೈಯೆಲ್ಲ ಸಾರು, ಫೋನು ಎತ್ತಿ ಸ್ಪೀಕರಿಗೆ ಹಾಕಿದವಳು ನಾನು. ದೋಸೆ ಕಾವಲಿ ಚುಂಯ್‌ಗುಟ್ಟುವುದೊಂದು ಬಿಟ್ಟರೆ ಹೋಟೆಲು ನಿಶ್ಶಬ್ದ. ಮೋಯ್ರಾಳ ಇಂಗ್ಲಿಷ್ ಗಂಡನದಕ್ಕಿಂತ ಸ್ಪಷ್ಟವಾಗಿತ್ತು. ಮೊದಲು ನಿನ್ನದನ್ನು ಹಾಕಿದೆ ಎಂದಳು. ನನ್ನದನ್ನು ಮೊದಲು ಹಾಕಿದ್ದರೆ ಆ ಖುಷಿಯಲ್ಲಿ ನಿನ್ನದಕ್ಕೆ ಕೈ ಬರುತ್ತಿರಲಿಲ್ಲ. 'ಬೇಡ' ಎಂಬಲ್ಲಿ ಗುರುತು ಹಾಕುವಾಗ ಅಳು ಬಂತು, ಆದರೂ ಪೆನ್ಸಿಲ್ ಒತ್ತಿ ಹಾಕಿದ್ದೇನೆ, ನಿನ್ನ ವೋಟು ಕೆಡುವುದು ಬೇಡವೆಂದು. ಆಮೇಲೆ ನನ್ನದು. ಈಗ ನಮ್ಮ ಮನೆಯ ಲೆಕ್ಕ ಸೊನ್ನೆ. ಯಾವಾಗ ಬರ್ತೀ?

ಆಲನ್ ಸಾರಿನ ಕೈಯಲ್ಲೇ ಮುಖ ಮುಚ್ಚಿಕೊಂಡ. ಆಮೇಲೆ ಕಣ್ಣುರಿ ತಡೆಯಲಾರದೆ ಕುಣಿಯತೊಡಗಿದ. ಅವನು ಸಂತೋಷಕ್ಕೆ ಕುಣಿಯುತ್ತಿದ್ದಾನೆಂದು ತಿಳಿದು ರಿಕ್ಷಾದವರೂ ಒಳಗೆ ಬಂದು ಕುಣಿದರು. ಆ ಮನುಷ್ಯನಿಗೆ ನೀರು ಬೇಕಾಗಿದೆ ಎಂದು ಹೊಳೆದದ್ದು ಅಮ್ಮನಿಗೊಬ್ಬರಿಗೇ.

ಮರುದಿನ ಫಲಿತಾಂಶ ಬಂತು. 'ಬೇಡ' ಗೆದ್ದಿತು. ಅಪ್ಪ ಎಲ್ಲರಿಗೂ ಶೀರಾ ಹಂಚಿದರು, ಮೋಯ್ರಾಳ ವಿಚಾರದಲ್ಲಿ ಸೋತವರಿಗೆ ದ್ರಾಕ್ಷಿ ಜಾಸ್ತಿ. ಗೆದ್ದ ಆಲನ್ ಮಾತ್ರ ಹೊರಗೆ ನಿಂತು ಮೋಯ್ರಾಳನ್ನು ಸಮಾಧಾನ ಮಾಡುತ್ತಿದ್ದ. ಅದನ್ನು ನೋಡಿ ಮನಸ್ಸು ಕರಗಿದ ಅಪ್ಪ ಹೆಂಡತಿಯರ ಗುಣಗಾನಕ್ಕೆ ತೊಡಗಿದರು. ನಮ್ಮ ಮನೆಯಲ್ಲಿ ಈ ತೊಂದರೆಯೇ ಇಲ್ಲ, ಇಷ್ಟು ವರ್ಷವೂ ನಾನು ಹೇಳಿದ ಚಿಹ್ನೆಗೇ ಇವಳ ವೋಟು ಎಂದರು.

ಅಮ್ಮ ಶೀರಾದ ಬೋಗುಣಿಯಿಂದ ಕಣ್ಣೆತ್ತದೆ ಹೇಳಿದರು: "ಒಂದು ಸಲವೂ ಹಾಕ್ಲಿಲ್ಲ."

ಹಂಚಲು ಹಿಡಿದಿದ್ದ ಶೀರಾದ ತಟ್ಟೆಯನ್ನು ಅಪ್ಪ ಮೇಜಿನ ಮೇಲಿಟ್ಟರು.

"ನೀವು ಹೇಳಿದ್ದಕ್ಕೆ ತಲೆ ಆಡಿಸಿದೆ ಅಷ್ಟೆ," ಎಂದರು ಅಮ್ಮ. "ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಿದ್ದೇ ಇಲ್ವಲ್ಲ."

ಆಮೇಲಿನ ಒಂದು ವಾರ ಅಪ್ಪ ಹಳೆಯ ಚುನಾವಣೆಗಳನ್ನು ಒಂದೊಂದಾಗಿ ನೆನೆದು, ತಾವು ಯಾವಾಗೆಲ್ಲ ಮನೆಯೊಳಗೇ ಸೋತದ್ದೆಂದು ಕಂಡುಹಿಡಿಯುವುದರಲ್ಲಿ ಕಳೆದರು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿತ್ತು.

ಇವತ್ತು ಮಧ್ಯಾಹ್ನ ಗಂಡ, ಮಗಳ ಜೊತೆ ಘಣಸೋಲಿಗೆ ಹೋದೆ. ಅಪ್ಪ ಈಗಲೂ ಹೋಟೆಲಿನಲ್ಲಿ ಕೂರುತ್ತಾರೆ. ಅಲ್ಲಿಂದಲೇ ಆಲನ್‌ಗೆ ವೀಡಿಯೋ ಕಾಲ್ ಮಾಡಿದೆವು. ಅವರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಬಣ ಬದಲಾಗಿದೆ. ಬ್ರಿಟನ್ನು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಆಲನ್ 'ಹೌದು' ಆಗಿದ್ದಾನೆ, ಮೋಯ್ರಾಗೆ ಈಗ ಅನುಮಾನ. ಇನ್ನೊಮ್ಮೆ ಮತದಾನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಇವನನ್ನು ನಿಮ್ಮಲ್ಲಿಗೇ ಕಳಿಸುತ್ತೇನೆ, ಇವನ ವೋಟು ನಾನೇ ಹಾಕಬೇಕು ಎಂದಳು ಮೋಯ್ರಾ. ಪಕ್ಕದಲ್ಲಿ ಆಲನ್ ತಲೆಯಾಡಿಸಿದ.

ಫೋನಿಟ್ಟ ಮೇಲೆ ಅಪ್ಪ ಅಮ್ಮನ ಕಡೆ ತಿರುಗಿದರು. "ನಮ್ಮಲ್ಲೂ ಹಾಗೆ ಇದ್ದಿದ್ರೆ, ನನ್ನ ವೋಟು ನೀನು ಹಾಕ್ತಿದ್ದೆಯಾ?"

"ಹಾಕ್ತಿದ್ದೆ. ನೀವು ಹೇಳಿದವರಿಗೇ."

"ಮತ್ತೆ ನಿಂದು?"

"ನಂದು ನಂದೇ."

ಅಪ್ಪ ನಗತೊಡಗಿದರು, ಚಹಾ ನೆತ್ತಿಗೇರುವಷ್ಟು. ಅಮ್ಮ ಅವರ ಬೆನ್ನು ತಟ್ಟಿದರು. ನನ್ನ ಗಂಡ ಕಲ್ಯಾಣದಲ್ಲಿ ಬೆಳೆದ ಗದಗದವನು, ಪ್ರತಿ ಚುನಾವಣೆಗೂ ಯಾರಿಗೆ ಹಾಕಬೇಕೆಂದು ನನಗೆ ಬುದ್ಧಿ ಹೇಳಿಯೇ ಕಳಿಸುವವನು. ಅವನು ನನ್ನ ಕಿವಿಯ ಹತ್ತಿರ ಬಾಗಿ, "ಅಲ್ಲಾ, ಹೋದ ಸಲ ನೀ ಯಾರಿಗೆ ಹಾಕಿದ್ದಿ?" ಎಂದು ಕೇಳಿದ.

ಕೇಳಿದನಲ್ಲ ಎಂದು ಸಂತೋಷವಾಯಿತು. ಹೇಳಿಬಿಟ್ಟೆ. ಡೊಂಬಿವಲಿ ಬರುವವರೆಗೂ ಅವನು ಮಾತಾಡಲಿಲ್ಲ.