ಗಾಲೀಚೆಯ ನೂಲು ಗುರುತಿಸುತ್ತಿದ್ದ ಮಹಾದೇವಕ್ಕ

ಮಹಾದೇವಕ್ಕನ ಬಲಗೈ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಸುಟ್ಟು ಕಪ್ಪಾಗಿರುತ್ತಿತ್ತು. ಹಳೆಯ ಗಾಲೀಚೆಯಿಂದ ಒಂದೆಳೆ ಕಿತ್ತು, ಕಡ್ಡಿ ಗೀರಿ ತಾಗಿಸಿ, ಹೊಗೆ ಮೂಸಿ ಅವರು ನೂಲಿನ ಜಾತಿ ಹೇಳುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಮೇಣದಬತ್ತಿ ಆರಿಸಿದಂತಿದ್ದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲು.

ಕಲಬುರಗಿಯಲ್ಲಿ ಶರಣಸಿರಸಗಿ ದಾರಿಯ ನಮ್ಮ ಗೋದಾಮಿಗೆ ಹೋಟೆಲು, ಆಫೀಸುಗಳಲ್ಲಿ ಸವೆದ ಗಾಲೀಚೆಗಳು ಬರುತ್ತಿದ್ದವು. ನೂಲಿನ ಪ್ರಕಾರ ಬೇರ್ಪಡಿಸಿ, ಕರಗಿಸುವ ಕಾರ್ಖಾನೆಗಳಿಗೆ ಕಳಿಸುವುದು ನಮ್ಮ ಕೆಲಸ. ನಾನು ರಸಾಯನಶಾಸ್ತ್ರ ಓದಿ ಆಗಷ್ಟೇ ಸೇರಿದ್ದೆ. ಅವರು ಎಷ್ಟೋ ವರ್ಷಗಳಿಂದ ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು.

ಒಂದು ದಿನ ಕೈಯಲ್ಲಿ ಹಿಡಿದು ನೂಲು ಗುರುತಿಸುವ ಎನ್‌ಐಆರ್ ಯಂತ್ರ ಬಂತು. "ಇನ್ನ ಕಡ್ಡಿಪೆಟ್ಟಿಗಿ ಬ್ಯಾಡ," ಎಂದರು ಮ್ಯಾನೇಜರು. ಎಲ್ಲರೂ ಮಹಾದೇವಕ್ಕನ ಮುಖ ನೋಡಿದರು. ಅವರು ಮರುದಿನ ಎಲ್ಲರಿಗಿಂತ ಮೊದಲು ಬಂದು ನನ್ನ ಮೇಜಿನ ಮುಂದೆ ನಿಂತರು.

"ಮೇಡಂ, ಇದು ಹ್ಯಾಂಗ ಗುರ್ತ ಹಿಡೀತದ, ನನಗ ತಿಳಿಸಿ ಹೇಳ್ರಿ."

ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ಅದು ನೂಲಿನ ಮೇಲೆ ಬಿಡುತ್ತದೆ ಎಂದೆ. ಒಂದೊಂದು ನೂಲು ಆ ಬೆಳಕಿನಲ್ಲಿ ಒಂದೊಂದು ಪಾಲನ್ನು ಹೀರಿಕೊಂಡು ಉಳಿದದ್ದನ್ನು ಮರಳಿಸುತ್ತದೆ. ಮರಳಿದ್ದನ್ನು ಯಂತ್ರ ತನ್ನಲ್ಲಿರುವ ಮಾದರಿಗಳ ಜೊತೆ ಹೋಲಿಸುತ್ತದೆ.

ಅವರು ಯಂತ್ರವನ್ನು ಕೈಗೆತ್ತಿಕೊಂಡರು. "ಅಂದ್ರ ನಾ ಬೆಂಕಿಗಿ ಕೇಳ್ತಿದ್ದೆ, ಇದು ಬೆಳಕಿಗಿ ಕೇಳ್ತದ."

ಇಷ್ಟು ಚೆನ್ನಾಗಿ ನನಗೆ ಪಾಠ ಮಾಡಿದವರೂ ಹೇಳಿರಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು ಪರದೆಯ ಇಂಗ್ಲಿಷ್ ಹೆಸರುಗಳನ್ನು ಒಂದೇ ವಾರದಲ್ಲಿ ಓದತೊಡಗಿದರು. ಕಪ್ಪು ಗಾಲೀಚೆಗಳ ಮುಂದೆ ಯಂತ್ರ ಸುಮ್ಮನಾದಾಗ, "ಇದು ಬೆಳಕೆಲ್ಲಾ ನುಂಗಿ ಕುಂತದ, ಏನೂ ವಾಪಸ್ ಕೊಡಂಗಿಲ್ಲ," ಎಂದು ಪಕ್ಕಕ್ಕಿಟ್ಟರು. ಕಾರಣವನ್ನು ನಾನು ಹೇಳಿಕೊಟ್ಟಿರಲೇ ಇಲ್ಲ.

ಆಮೇಲೆ ಒಂದು ಕಾರ್ಖಾನೆ ನಮ್ಮ ಲೋಡನ್ನು ವಾಪಸ್ ಕಳಿಸಿತು. ಪಾಲಿಪ್ರೊಪಿಲೀನ್ ಅಂತ ಕಳಿಸಿದ್ದರಲ್ಲಿ ನೈಲಾನ್ ಬೆರೆತಿತ್ತು. ಕರಗದೆ ಗಂಟುಗಂಟಾಗಿ ಉಳಿದಿತ್ತಂತೆ.

"ಓದು ಬರಲಾರದವ್ರ ಕೈಯಾಗ ಮಷೀನ್ ಕೊಟ್ರ ಹಿಂಗ ಆಗ್ತದ," ಎಂದರು ಮ್ಯಾನೇಜರು, ಎಲ್ಲರೆದುರಿಗೆ.

ಮಹಾದೇವಕ್ಕ ವಾಪಸ್ ಬಂದ ಒಂದು ಗಾಲೀಚೆಯನ್ನು ನೆಲಕ್ಕೆ ಹಾಸಿ, ನಟ್ಟನಡುವೆ ಯಂತ್ರ ಹಿಡಿದರು. ಪಾಲಿಪ್ರೊಪಿಲೀನ್ ಅಂತ ಬಂತು. ಅಂಚಿನಲ್ಲಿ ಹಿಡಿದರು. ನೈಲಾನ್.

"ನೋಡ್ರಿ ಸಾಹೇಬ್ರ. ನಡುವ ಮಂದಿ ತುಳದು ನೂಲು ಸವದದ. ಬೆಳಕು ತಳದ ಪಾಲಿಪ್ರೊಪಿಲೀನ್ ಬಟ್ಟಿಗಿ ಹೋಗಿ ಬರಾಕತ್ತದ. ಮಷೀನ್ ಖರೇನೇ ಹೇಳ್ಯದ. ಹಿಡದ ಜಾಗ ತಪ್ಪ."

"ನಡುವ ಹಿಡಿ ಅಂತ ಯಾರು ಹೇಳಿದ್ರು?"

ಹೇಳಿದವಳು ನಾನು. ಮಹಾದೇವಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಹಿಡದಾಕಿ ನಾನ್ರೀ," ಎಂದರು.

ನಾನು ಎದ್ದು ನಿಂತೆ. "ಕಲಿಸಿದಾಕಿ ನಾನ್ರೀ, ಸರ್."

ಅಂದಿನಿಂದ ಪ್ರತಿ ಗಾಲೀಚೆಯನ್ನೂ ಮೂರು ಕಡೆ ನೋಡುವುದು, ಒಂದು ಅಂಚಿನಲ್ಲೇ ಇರಬೇಕು ಎಂಬುದು ಗೋದಾಮಿನ ನಿಯಮವಾಯಿತು. ಅದರ ಬಗ್ಗೆ ಬರೆದ ವರದಿಯಲ್ಲಿ ಮೊದಲ ಹೆಸರು ಅವರದು, ಎರಡನೆಯದು ನನ್ನದು. ಆ ಹಾಳೆಯನ್ನು ಅವರು ಮಡಚಿ ಚೀಲದಲ್ಲಿಟ್ಟುಕೊಂಡು ಊರಿಗೆ ಒಯ್ದರು.

ಕುಸನೂರ ಕಡೆಯ ಒಂದು ಕಾಲೇಜು ನಮ್ಮನ್ನು ಪ್ರಾತ್ಯಕ್ಷಿಕೆಗೆ ಕರೆಯಿತು. ಇಳಕಲ್ ಸೀರೆ ಉಟ್ಟು ಬಂದ ಮಹಾದೇವಕ್ಕ ಒಂದು ತಾಸು ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟರು. ಕೊನೆಗೆ ಪ್ರಾಧ್ಯಾಪಕರನ್ನು ಕೇಳಿದರು: "ಸರ, ನೈಲಾನಿನಾಗ ಎರಡು ಜಾತಿ ಅದಾವಂತ. ಈ ಮಷೀನ್ ಎರಡಕ್ಕೂ ಒಂದೇ ಹೆಸರು ಹೇಳ್ತದ. ಬ್ಯಾರೆ ಮಾಡೋದು ಅದಕ್ಕ ಯಾವಾಗ ಕಲಸ್ತೀರಿ?"

ಪ್ರಾಧ್ಯಾಪಕರು ತಮ್ಮ ವಹಿ ತೆಗೆದು ಪ್ರಶ್ನೆಯನ್ನು ಬರೆದುಕೊಂಡರು. ಆ ಪ್ರಶ್ನೆಯ ಮೇಲೆಯೇ ನಾನೀಗ ಸಂಶೋಧನೆ ಮಾಡುತ್ತಿದ್ದೇನೆ.

ಆ ಪ್ರಾತ್ಯಕ್ಷಿಕೆಯ ಮರುತಿಂಗಳು ಮಹಾದೇವಕ್ಕ ಎದೆನೋವು ಬಂದು ತೀರಿಕೊಂಡರು. ಮಣ್ಣು ಮಾಡುವ ದಿನ ಕಮಲಾಪುರಕ್ಕೆ ಹೋದೆ. ಅತ್ತು ಸಾಕಾಗಿದ್ದ ಅವರ ಮಗಳು ನನ್ನ ಕೈ ಹಿಡಿದು ಬಂಧುಗಳ ನಡುವೆ ಕರೆದೊಯ್ದಳು.

"ಇವ್ರು ನಮ್ಮವ್ವನ ಕೈಯಾಗ ಕಲತವ್ರು," ಎಂದಳು.

"ಹೌದ್ರೀ," ಎಂದೆ.