ಗಡ್ಡೆಗಳಿಗೆ ಫ್ರಿಜ್ಜಿನ ಚಳಿಗಾಲ

೨೦೨೦ರ ಆರಂಭದಲ್ಲಿ, ಕೆಲವೇ ತಿಂಗಳಿಗೆಂದು ಊರಿನಿಂದ ಕಡಲಾಚೆಯ ಟೊರೆನ್ಸ್‌ನ ನಮ್ಮ ಮನೆಗೆ ಬಂದಿದ್ದ ಅತ್ತೆ, ವಿಮಾನಗಳು ನಿಂತುಹೋಗಿ ಇಲ್ಲೇ ಉಳಿದುಬಿಟ್ಟರು. ಆ ಬೇಸಿಗೆಯಲ್ಲಿ ಧಾರವಾಡದಲ್ಲಿದ್ದ ಅವರ ತಂಗಿ ತೀರಿಕೊಂಡರು. ಅತ್ತೆ ಫೋನಿನ ಪರದೆಯಲ್ಲೇ ಕೊನೆಯ ಸಲ ಆ ಮುಖ ನೋಡಿದರು. ಅಳಲಿಲ್ಲ. ಆಮೇಲೆ ಮಾತು ಕಡಿಮೆಯಾಯಿತು. ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಬಂದು ಹಿತ್ತಲು ತುಂಬಿದಾಗ ಅದರೊಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಿಟಕಿಯಿಂದ ನೋಡಿದರೆ ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ.

ನನಗಾಗ ಮನೆಯಿಂದಲೇ ಕೆಲಸ. ಎರಡು ಮೀಟಿಂಗುಗಳ ನಡುವೆ ಒಂದು ಹೂವಿನ ಚಿತ್ರ ಕಣ್ಣಿಗೆ ಬಿತ್ತು. ಫ್ರಿಟಿಲೇರಿಯಾ. ಗಂಟೆಯಂತೆ ಕೆಳಮುಖವಾಗಿ ತೂಗುವ ಹೂವು, ಮೈತುಂಬ ಕೆನ್ನೇರಳೆ ಚೌಕಳಿ, ಯಾರೋ ಮಗ್ಗದಲ್ಲಿ ಕೂತು ನೇಯ್ದ ಹಾಗೆ. ಚಳಿ ನಾಡಿನ ಗಿಡ, ನಮ್ಮಲ್ಲಿ ಬರುವುದು ಕಷ್ಟ ಎಂದು ಬರೆದಿತ್ತು. ಆದರೂ ತರಿಸಿದೆ. ಚಳಿಗಾಲ ಬಂತೆಂದು ಗಡ್ಡೆಗಳನ್ನು ನಂಬಿಸಲು, ತುಸು ತೇವದ ಮಣ್ಣಿನಲ್ಲಿ ಹುದುಗಿಸಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಟ್ಟೆ.

ಒಂದು ಸಂಜೆ ಅಡುಗೆಮನೆಗೆ ಹೋದರೆ ಅತ್ತೆ ಒಗ್ಗರಣೆಗೆ ಎಣ್ಣೆ ಇಟ್ಟು, ಗಡ್ಡೆಯೊಂದನ್ನು ಕೈಯಲ್ಲಿ ಹಿಡಿದು ಮೂಸುತ್ತಿದ್ದರು.

"ಇದೆಂಥಾ ಬಳ್ಳೊಳ್ಳಿ ಯವ್ವಾ? ನರಿ ನಾರಿದಂಗ ನಾರತೈತಿ."

"ಅಯ್ಯೋ ಅತ್ತೆ, ಕೆಳಗಿಡಿ! ವಿಷ ಅದು. ಹೂವಿನ ಗಡ್ಡೆ."

"ಹೂವಿಂದಾ? ಮತ್ತ ಫ್ರಿಜ್ಜಿನ್ಯಾಗ ಯಾಕಿಟ್ಟಿ?"

"ಮಲಗಿಸಿದೀನಿ. ಚಳೀಲಿ ನಿದ್ದೆ ಮಾಡಿದ್ರೇನೇ ಅದು ಏಳೋದಂತೆ."

ಅತ್ತೆ ಒಲೆ ಆರಿಸಿ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಅಂದಿನಿಂದ ಅವರು ಫ್ರಿಜ್ಜಿನ ಬಾಗಿಲನ್ನು ಸದ್ದಾಗದಂತೆ ಹಾಕತೊಡಗಿದರು. ನಾನು ದಢಾರನೆ ಹಾಕಿದರೆ ತುಟಿಯ ಮೇಲೆ ಬೆರಳಿಟ್ಟು ಗದರುವರು.

ಚಳಿಗಾಲದಲ್ಲಿ ಇಬ್ಬರೂ ಸೇರಿ ಅವನ್ನು ಕಿತ್ತಳೆ ಮರದ ನೆರಳಿನ ಕುಂಡದಲ್ಲಿ ನೆಟ್ಟೆವು. ವಸಂತಕ್ಕೆ ಹುಲ್ಲಿನಂಥ ಎಲೆಗಳು ಬಂದವು. ಹೆಚ್ಚಿನವು ಅಷ್ಟಕ್ಕೇ ನಿಂತವು. ಒಂದು ಮಾತ್ರ ಮೊಗ್ಗಾಗಿ, ಕತ್ತು ಬಾಗಿಸಿ ಅರಳಿತು. ಒಳಗೇನಿದೆ ನೋಡಲೇಬೇಕೆಂದು ಅತ್ತೆ ಮಂಡಿನೋವನ್ನೂ ಲೆಕ್ಕಿಸದೆ ಚಾಪೆ ಹಾಸಿ ಅಂಗಾತ ಮಲಗಿದರು. ನಾನೂ ಪಕ್ಕದಲ್ಲಿ ಮಲಗಿದೆ. ಕೆಳಗಿನಿಂದ ಕಂಡ ಹೂವೇ ಬೇರೆ. ಬಿಸಿಲು ದಳಗಳಲ್ಲಿ ಸೋಸಿ ಬಂದು, ದೀಪ ಹಚ್ಚಿಟ್ಟ ಪುಟ್ಟ ಕೋಣೆಯ ಹಾಗೆ ಬೆಳಗುತ್ತಿತ್ತು.

"ನಮ್ಮ ತಂಗೀನೂ ಹಿಂಗ," ಎಂದರು ಅತ್ತೆ. "ತಲಿ ಎತ್ತಿ ಮಾತಾಡಾಕಿ ಅಲ್ಲ. ಬಗ್ಗಿ ನೋಡಿದ್ರ ಮಾರಿ ತುಂಬ ನಗಿ."

ಆಮೇಲೆ ಬಹಳ ಹೊತ್ತು ಮಾತಾಡಿದರು. ಇಬ್ಬರೂ ಒಂದೇ ಸೈಕಲ್ ಹತ್ತಿ ಬಿದ್ದದ್ದು, ಹಾಡು ಮರೆತಾಗ ತಂಗಿ ಬರೀ ತುಟಿ ಆಡಿಸುತ್ತಿದ್ದದ್ದು. ಕಣ್ಣಂಚಿನ ನೀರು ಕಿವಿಯತ್ತ ಇಳಿಯಿತು; ಒರೆಸಿಕೊಳ್ಳಲಿಲ್ಲ. ಒಳಗೆ ನನ್ನ ಲ್ಯಾಪ್‌ಟಾಪ್ ಮೀಟಿಂಗಿಗೆ ಕರೆಯುತ್ತಲೇ ಇತ್ತು. ನಾನು ಏಳಲಿಲ್ಲ.

ಆ ವರ್ಷವೇ ಅತ್ತೆ ಊರಿಗೆ ಮರಳಿದರು. ಮರುವಸಂತ ಕುಂಡದಲ್ಲಿ ಏನೂ ಏಳಲಿಲ್ಲ. ಕೆದಕಿ ನೋಡಿದರೆ ಗಡ್ಡೆಗಳು ಕೊಳೆತಿದ್ದವು. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿದ್ದು ಓದುತ್ತಿದ್ದ ಮಗಳು, "ಅಮ್ಮಾ, ಟ್ರೈ ದ ನೇಟಿವ್ ಒನ್," ಎಂದು ಅಲ್ಲಿನ ನರ್ಸರಿಯಿಂದ ಇನ್ನೊಂದು ಜಾತಿಯ ಫ್ರಿಟಿಲೇರಿಯಾ ತಂದುಕೊಟ್ಟಳು. ಇಲ್ಲಿನ ಜೇಡಿಮಣ್ಣಿನ ಗುಡ್ಡಗಳದೇ, ಚಾಕೊಲೇಟ್ ಬಣ್ಣದ್ದು. ಅದಕ್ಕೆ ಬೇಸಿಗೆಯಿಡೀ ನೀರು ಹಾಕಬಾರದು. ಒಣಗಿ ಮಾಯವಾದದ್ದನ್ನು ಸತ್ತಿತೆಂದು ಕಿತ್ತೆಸೆಯಲೂಬಾರದು.

ಈ ವಸಂತದಲ್ಲಿ ಮಗಳು ಡ್ರೈವ್ ಮಾಡಿಕೊಂಡು ಬಂದಾಗ ಅದು ಹೂ ಬಿಟ್ಟಿತ್ತು. ಅವಳು ಕಾಫಿ ಲೋಟ ಹಿಡಿದು ಗಿಡದ ಪಕ್ಕ ಕೂತು, ಅಪರೂಪಕ್ಕೆ ಕನ್ನಡದಲ್ಲಿ, "ಅಜ್ಜಿ ಯಾವಾಗ ಬರ್ತಾರೆ?" ಎಂದು ಕೇಳಿದಳು.

"ಬರೋ ತಿಂಗಳು. ಟಿಕೆಟ್ ಆಗಿದೆ," ಎಂದೆ.