ಮೇಣ ಹಚ್ಚಿದ ಚೀಟಿಗಳು

ನನ್ನಣ್ಣ ಆಸಾ ಪ್ರೂಯಿಟ್ ಹುಟ್ಟುಕುರುಡನಲ್ಲ. ಐದು ವರ್ಷದವನಿದ್ದಾಗ ದಡಾರ ಬಂದು ಕಣ್ಣು ಹೋದವು. ಹೋದ ಕಣ್ಣಿಗೆ ಬದಲಾಗಿ ನಾಲಿಗೆ ಉದ್ದವಾಯಿತು ಎಂದು ನಮ್ಮಮ್ಮ ಹೇಳುತ್ತಿದ್ದಳು. ಓಹಾಯೋದ ನಮ್ಮ ಹಾರ್ಲೋ ಊರಿನಲ್ಲಿ ಅವನು ಕಟ್ಟಿದ ಪೊರಕೆ ಇಲ್ಲದ ಮನೆಯಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಪೊರಕೆಗೆ ತಂತಿ ಬಿಗಿದು ಬಿಗಿದು ಅವನ ಬೆರಳ ತುದಿಗಳು ಬೂಟಿನ ಅಟ್ಟೆಯ ಹಾಗೆ ದಪ್ಪಗಾಗಿದ್ದವು. ಒಲೆಯ ಮೇಲಿನ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿ, ಎರಡು ಮಾತಾಡಿ, ಆಮೇಲೆ ಕೆಳಗಿಡುತ್ತಿದ್ದ. ಒಂದು ಚಳಿಗಾಲದಲ್ಲಿ ಪಾದ್ರಿಯ ಹೆಂಡತಿ ಹೆಗಲಿಗೆ ನರಿಯ ತುಪ್ಪಳ ಹೊದ್ದು ಚರ್ಚಿಗೆ ಬಂದಾಗ ಅದನ್ನು ನಾಯಿಯೆಂದುಕೊಂಡು ಸವರಿ, "ಏನೋ ಮರಿ, ಊಟ ಆಯ್ತಾ?" ಎಂದು ಕೇಳಿದ್ದ.

ಆದರೂ ಕುರುಡರ ಬೆರಳಿಗೆ ಕಣ್ಣಿರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಆ ನಂಬಿಕೆಗೆ ನೀರೆರೆದವಳು ನಾನೇ. ಅಂಗಡಿಗೆ ಹೋದಾಗ ಆಸಾ ಬಟ್ಟೆಯ ಮೇಲೆ ಕೈಯಾಡಿಸಿ, ಮುಖ ಗಂಭೀರ ಮಾಡಿಕೊಂಡು, "ಇದು ನೀಲಿ" ಎನ್ನುತ್ತಿದ್ದ. ನೀಲಿಗೆ ನಾನು ಪಕ್ಕದಲ್ಲಿ ನಿಂತು ಒಂದು ಸಲ ಕೆಮ್ಮಬೇಕು, ಕೆಂಪಿಗೆ ಎರಡು ಸಲ. ನನಗೆ ಮದುವೆಯಾಗಿ ಮಗ ಹುಟ್ಟಿದ ಮೇಲೂ ಈ ಆಟ ನಿಲ್ಲಲಿಲ್ಲ.

ದೇಶ ಒಡೆದು ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳ ಮೇಲಿನ ಯುದ್ಧಕ್ಕೆ ನಾಲ್ಕನೇ ಬೇಸಿಗೆ ಬಂತು. ತಾವಾಗಿ ಸೇರುವವರೆಲ್ಲ ಸೇರಿ ಆಗಿತ್ತು. ನನ್ನ ಗಂಡ ಜೋನಸ್ ಹೋಗಿಯೇ ಎರಡು ವರ್ಷವಾಗಿತ್ತು. ಇನ್ನು ಚೀಟಿ ಎತ್ತಿ ಗಂಡಸರನ್ನು ಕಳಿಸಬೇಕೆಂದು ಅಪ್ಪಣೆಯಾಯಿತು. ಇಪ್ಪತ್ತರಿಂದ ನಲವತ್ತೈದರವರೆಗಿನ ಗಂಡಸರೆಲ್ಲರ ಹೆಸರು ಬರೆದು, ತಿರುಗಿಸುವ ಮರದ ಪೆಟ್ಟಿಗೆಗೆ ಹಾಕಿ, ಚೌಕದಲ್ಲಿ ಎಲ್ಲರೆದುರು ಎತ್ತಬೇಕು. ಯಾರಿಗೂ ಅನುಮಾನ ಬರಬಾರದೆಂದು ಕುರುಡನಿಂದ ಎತ್ತಿಸುವುದು ಎಲ್ಲ ಕಡೆಯ ಪದ್ಧತಿ. ನಮ್ಮೂರಿಗಿದ್ದ ಕುರುಡ ಒಬ್ಬನೇ. ನನ್ನ ಮಗ ಲೈಮನ್‌ಗೆ ಆ ವಸಂತದಲ್ಲೇ ಇಪ್ಪತ್ತು ತುಂಬಿತ್ತು. ಅವನ ಹೆಸರೂ ಪೆಟ್ಟಿಗೆಗೆ ಹೋಗುವುದಿತ್ತು. ಗಂಡನನ್ನು ಕೊಟ್ಟಾಗಿತ್ತು, ಮಗನನ್ನು ಕೊಡಲು ನನಗೆ ಮನಸ್ಸಿರಲಿಲ್ಲ.

ಸುದ್ದಿ ಹಬ್ಬಿದ ಮರುದಿನದಿಂದಲೇ ಆಸಾನಿಗೆ ರಾಜಮರ್ಯಾದೆ ಶುರುವಾಯಿತು. ಮೊದಲು ಬಂದವರು ಹಿಟ್ಟಿನ ಗಿರಣಿಯ ಫಿನಿಯಸ್ ಟಟಲ್. ಅಕ್ಟೋಬರಿನ ಚುನಾವಣೆಯಲ್ಲಿ ರಾಜ್ಯದ ಶಾಸನಸಭೆಗೆ ನಿಂತಿದ್ದ ಅವರು ದಿನಕ್ಕೊಂದು ಕಡೆ ನಾಗರಿಕನ ಕರ್ತವ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದರು. "ನನ್ನ ಮಗ ಹೊರೇಸನ ಹೆಸರು ಬಂದರೆ ಅವನೇ ಹೋಗುತ್ತಾನೆ. ದುಡ್ಡು ಕೊಟ್ಟು ಬದಲಿ ಆಳನ್ನು ಕಳಿಸುವ ಪೈಕಿ ನಾನಲ್ಲ!" ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಎದೆ ಬಡಿದುಕೊಂಡಿದ್ದರು. ಅದುವರೆಗೆ ನನ್ನಣ್ಣನನ್ನು "ಏ ಪೊರಕೆ" ಎಂದೇ ಕರೆಯುತ್ತಿದ್ದವರು ಅವತ್ತು ಒಂದು ಇಡೀ ಹಂದಿತೊಡೆ ಹೊತ್ತುಕೊಂಡು ಬಂದರು.

"ಆಸಾ ಅವರೇ, ಹೇಗಿದೀರಿ? ಆರೋಗ್ಯ ತಾನೇ?"

"ಈಗ ಸುಧಾರಿಸ್ತು ನೋಡಿ," ಎಂದ ಆಸಾ, ಮಾಂಸದ ವಾಸನೆ ಹಿಡಿದು.

ಟಟಲ್ ಬಾಗಿಲು ಮುಚ್ಚಿದರು. ನಾನು ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದೆ. ಮತವಿಲ್ಲದ ಹೆಂಗಸು ಅವರ ಲೆಕ್ಕದಲ್ಲಿ ಕುರ್ಚಿಗೆ ಸಮ.

"ಚೀಟಿ ಬರೆಯೋ ಗುಮಾಸ್ತ ಪೀಕ್ ಇದಾನಲ್ಲ, ಅವನ ಹತ್ರ ಮಾತಾಡಿದೀನಿ. ನಮ್ಮ ಹೊರೇಸನ ಚೀಟಿಗೆ ಮಾತ್ರ ಒಂಚೂರು ಮೇಣ ಉಜ್ಜಿರ್ತಾನೆ. ನಿಮ್ಮ ಬೆರಳಿಗೆ ನುಣುಪು ತಾಗಿದ ತಕ್ಷಣ ಅದನ್ನ ಬಿಟ್ಟು ಬೇರೆ ತಗೊಳ್ಳಿ. ಯಾರಿಗೂ ಗೊತ್ತಾಗಲ್ಲ."

"ನನ್ನ ಬೆರಳಿಗೆ ಏನು ತಾಗುತ್ತೋ ಅದನ್ನ ನೋಡ್ಕೊಂಡೇ ತೆಗೀತೀನಿ, ಸ್ವಾಮಿ," ಎಂದ ಆಸಾ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವರು ಹೋದ ಮೇಲೆ ಪಕ್ಕದ ಮನೆಯ ಮಿಸೆಸ್ ಬಲೂ ಪೀಚ್ ಹಣ್ಣು ತುಂಬಿ ಬೇಯಿಸಿದ ಪೈ ತಂದಳು. ಅವಳ ಮಗನ ಚೀಟಿಗೂ ಮೇಣ. "ನಮ್ಮೊಬ್ಬರಿಗೇ ಈ ಉಪಕಾರ ಮಾಡಿದಾನೆ ಪೀಕ್, ಬಾಯಿಬಿಡಬೇಡಪ್ಪ," ಎಂದು ಕೈ ಹಿಡಿದು ಅತ್ತಳು. ಆಮೇಲೆ ಕಮ್ಮಾರ, ಆಮೇಲೆ ಪಾದ್ರಿಯ ಹೆಂಡತಿ, ಆಮೇಲೆ ಟಟಲ್‌ಗೆ ಎದುರಾಳಿಯಾಗಿ ನಿಂತು ಯುದ್ಧವೇ ಬೇಡ ಎನ್ನುತ್ತಿದ್ದ ಪಕ್ಷದ ವಕೀಲ. ಎಲ್ಲರ ಕಿವಿಮಾತೂ ಒಂದೇ. ಗುಮಾಸ್ತ ಪೀಕ್ ಎಲ್ಲರ ಹತ್ತಿರವೂ ಮೇಯ್ದು, ಇಡೀ ಊರಿನ ಚೀಟಿಗಳಿಗೆ ಮೇಣ ಉಜ್ಜಿ ಕೂತಿದ್ದ.

"ಇವರು ನಿನ್ನ ಚರ್ಮ ಸುಲೀತಾರೆ ಕಣೋ," ಎಂದೆ ನಾನು, ಪೈ ಕತ್ತರಿಸುತ್ತಾ.

"ಹೇಗೆ ಸುಲೀತಾರೆ? ನನ್ನನ್ನ ಬೈಬೇಕಾದ್ರೆ ಮೊದಲು ತಾವು ಕಳ್ಳರು ಅಂತ ಒಪ್ಕೋಬೇಕು. ಅಷ್ಟು ದಡ್ಡರು ನಮ್ಮೂರಲ್ಲಿ ಇಲ್ಲ. ಇನ್ನೊಂದು ಚೂರು ಹಾಕು, ತಂಗಿ."

ಲೈಮನ್‌ಗೋಸ್ಕರ ನಾನು ಪೀಕ್‌ನ ಬಾಗಿಲಿಗೆ ಹೋಗಲಿಲ್ಲ. ಇದನ್ನು ಯಾರೂ ದೊಡ್ಡ ಗುಣವೆಂದು ತಿಳಿಯಬೇಡಿ. ನನ್ನಣ್ಣನ ಬೆರಳಿಗೆ ಮೇಣವೂ ಒಂದೇ ಮರಳೂ ಒಂದೇ ಎಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಪೀಕ್‌ಗೆ ಪೈ ಮಾಡಿಕೊಟ್ಟು ಹಿಟ್ಟು ಬೆಣ್ಣೆ ಯಾಕೆ ದಂಡ ಮಾಡಲಿ?

ಸೆಪ್ಟೆಂಬರಿನಲ್ಲಿ ಚೀಟಿ ಎತ್ತುವ ದಿನ ಚೌಕದಲ್ಲಿ ಬ್ಯಾಂಡು ಬಾರಿಸಿದರು. ವೇದಿಕೆಯ ಮೇಲೆ ಸೈನ್ಯದ ಕ್ಯಾಪ್ಟನ್ ಒಬ್ಬ, ಪಕ್ಕದಲ್ಲಿ ಪೀಕ್, ಹಿಂದೆ ಎದೆಗೆ ಅಡ್ಡಲಾಗಿ ಬಣ್ಣದ ಪಟ್ಟಿ ಹಾಕಿಕೊಂಡ ಟಟಲ್. ಪೆಟ್ಟಿಗೆ ಗರಗರ ತಿರುಗಿತು. ಆಸಾ ಅಂಗಿಯ ತೋಳು ಮಡಚಿ ಕೈ ಹಾಕಿದ, ನೋಡುವವರಿಗೆ ಖುಷಿಯಾಗಲೆಂದು ಬೇಕೆಂದೇ ತಡಕಾಡಿದ, ಒಂದು ಚೀಟಿ ಎತ್ತಿದ.

ಕ್ಯಾಪ್ಟನ್ ಓದಿದ: "ಹೊರೇಸ್ ಟಟಲ್."

"ಸಾಧ್ಯವೇ ಇಲ್ಲ!" ಟಟಲ್ ಕುರ್ಚಿಯಿಂದ ಹಾರಿ ಎದ್ದರು. "ಅದಕ್ಕೆ ಮೇಣ ಹಚ್ಚಿತ್ತು!"

ಬ್ಯಾಂಡಿನವನೊಬ್ಬ ಊದುತ್ತಿದ್ದದ್ದನ್ನು ಅರ್ಧಕ್ಕೇ ನಿಲ್ಲಿಸಿದ. ಅಷ್ಟರಲ್ಲಿ ಕೆಳಗಿನಿಂದ ಮಿಸೆಸ್ ಬಲೂಳ ಕಂಠ ಎದ್ದಿತು. "ಏನಂದ್ರಿ? ನಿಮ್ಮದಕ್ಕೂನಾ? ಲೋ ಪೀಕ್, ಮೇಣ ನಮ್ಮ ಹುಡುಗನಿಗೆ ಮಾತ್ರ ಅಂದಿದ್ಯಲ್ಲೋ!"

"ನಿಮ್ಮ ಹುಡುಗನಿಗಾ? ನಾನು ಅವನಿಗೆ ಎರಡು ಕೋಳಿ ಕೊಟ್ಟಿದೀನಿ!" ಎಂದ ಕಮ್ಮಾರ. ಪಾದ್ರಿ ತನ್ನ ಹೆಂಡತಿಯ ಕಡೆ ತಿರುಗಿದ. ಅವಳು ಆಕಾಶ ನೋಡಿದಳು. ದಡ್ಡರಿಲ್ಲ ಎಂದಿದ್ದ ನನ್ನಣ್ಣನ ಲೆಕ್ಕ ತಲೆಕೆಳಗಾಗಿತ್ತು.

ಕ್ಯಾಪ್ಟನ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದ. ಚೀಟಿಗಳೆಲ್ಲ ಬಿಸಿಲಿಗೆ ಮಿರಮಿರ ಮಿಂಚಿದವು. ಅವನು ಹರಡಿ, ಕೆದಕಿ, ಕೊನೆಗೆ ಒಂದನ್ನು ಎತ್ತಿ ಹಿಡಿದ. "ಇದೊಂದಕ್ಕೆ ಮೇಣ ಇಲ್ಲ. ಲೈಮನ್ ಹಾಯ್ಟ್ ಯಾರು?"

ನಾನು ಉಳಿಸಿದ ಹಿಟ್ಟು ಬೆಣ್ಣೆ ನನ್ನ ಮಗನ ಕುತ್ತಿಗೆಗೇ ಬಂದಿತ್ತು.

"ಅವನ ತಂಗಿ ಮಗ!" ಟಟಲ್ ಕೂಗಿದರು. "ನೋಡಿದ್ರಾ ಮೋಸಾನ? ಇರೋರಿಗೆಲ್ಲ ಮೇಣ ಹಚ್ಚಿಸಿ, ತನ್ನವನದ್ದನ್ನ ಮಾತ್ರ ಬರೀ ಕಾಗದ ಮಾಡಿಸಿದಾನೆ. ಒರಟು ತಾಗಿದ್ರೆ ಬಿಡೋದು, ನುಣುಪು ತಾಗಿದ್ರೆ ಎತ್ತೋದು!"

"ನಿನಗೆ ಮೇಣ ಗೊತ್ತಾಯ್ತೇನಯ್ಯ?" ಎಂದು ಕ್ಯಾಪ್ಟನ್ ಕೇಳಿದ.

"ಕೈಯಲ್ಲಿ ಚೀಟಿ ಇದೆ ಅಂತ ಗೊತ್ತಾಗೋದೇ ಹೆಚ್ಚು, ಸ್ವಾಮಿ."

"ಸುಳ್ಳು! ಬಟ್ಟೆ ಮುಟ್ಟಿ ಬಣ್ಣ ಹೇಳ್ತಾನೆ ಅವನು!" ಎಂದು ಜನ ಮುಂದೆ ನುಗ್ಗಿದರು.

"ಬಣ್ಣ ಹೇಳಿದ್ದು ನಾನು! ಕೆಮ್ಮಿ ಕೆಮ್ಮಿ ಹೇಳ್ತಿದ್ದೆ!" ಎಂದು ನಾನು ಅರಚಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ವರ್ಷ ಸುಳ್ಳನ್ನು ನಂಬಿದವರು ನಿಜವನ್ನು ಒಂದು ಗಳಿಗೆಯೂ ನಂಬಲಿಲ್ಲ.

ಆಸಾ ಕೈಯೆತ್ತಿದ. "ಹೊಸ ಚೀಟಿ ಬರೀರಿ. ಜೋಳದ ತೆನೆ ಸುಲಿಯೋ ಚರ್ಮದ ಕೈಗವಸು ಒಂದು ತನ್ನಿ, ಅದನ್ನ ಹಾಕ್ಕೊಂಡು ಎತ್ತುತೀನಿ. ಲೈಮನ್ ಹೆಸರೂ ಹಾಕಿ."

ನಾನು ವೇದಿಕೆ ಹತ್ತಿ ಅವನ ತೋಳು ಹಿಡಿದೆ. "ಬೇಡ ಕಣೋ ಅಣ್ಣ. ಬೇರೆ ಯಾರಾದ್ರೂ ಎತ್ತಲಿ."

"ಬೇರೆಯವರು ಎತ್ತಿ ಅವನು ಉಳ್ಕೊಂಡ್ರೆ, ಬದುಕಿರೋವರೆಗೂ ಅವನನ್ನ ಮೋಸದ ಹುಡುಗ ಅಂತಾರೆ, ಡಾರ್ಕಸ್," ಎಂದ ಅವನು ಮೆಲ್ಲಗೆ. "ಇದು ನನ್ನಿಂದ ಆದದ್ದು. ನಾನೇ ಮುಗಿಸ್ತೀನಿ."

ಪೀಕ್‌ನನ್ನು ಇಬ್ಬರು ಸಿಪಾಯಿಗಳು ಕರೆದೊಯ್ದರು. ಕ್ಯಾಪ್ಟನ್ ತಾನೇ ಕೂತು ಹೊಸ ಚೀಟಿ ಬರೆಸಿದ. ಮಧ್ಯಾಹ್ನ ಕಳೆದ ಮೇಲೆ ಪೆಟ್ಟಿಗೆ ಮತ್ತೆ ತಿರುಗಿತು. ಆಸಾ ಆ ದಪ್ಪ ಕೈಗವಸಿನಲ್ಲಿ ಎತ್ತಿದ ಮೊದಲ ಹೆಸರು ಯಾರದೆಂದು ಕೇಳಿ: ಹೊರೇಸ್ ಟಟಲ್! ಪಾದ್ರಿ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟೋ ಹೆಸರುಗಳು ಬಂದವು, ಹೋದವು. ಇನ್ನೇನು ಮುಗಿಯಿತು ಎಂದು ನಾನು ಉಸಿರು ಬಿಡುವಾಗ ಕ್ಯಾಪ್ಟನ್ ಕೊನೆಯ ಚೀಟಿ ಬಿಡಿಸಿ, "ಲೈಮನ್ ಹಾಯ್ಟ್" ಎಂದು ಓದಿದ.

ಆಗ ಯಾರೂ ನಗಲಿಲ್ಲ. ಆಸಾನ ಕೈ ಇನ್ನೂ ಪೆಟ್ಟಿಗೆಯ ಮೇಲೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಲೈಮನ್ ಹೊರಡುವವರೆಗೆ ನಮ್ಮ ಮನೆಯಲ್ಲಿ ಮಾತಿರಲಿಲ್ಲ. ನನಗೆ ಕೋಪ ಯಾರ ಮೇಲೆಂದು ತಿಳಿಯದೆ ಎಲ್ಲರ ಮೇಲೂ ಇತ್ತು, ಅಣ್ಣನ ಮೇಲೂ. ಹುಡುಗನೇ ಅವನನ್ನು ಮಾತಾಡಿಸಿದ. "ಮಾವ, ಅಷ್ಟು ಪೈ ತಿಂದೆಯಲ್ಲ, ನನಗೊಂದು ಚೂರು ಎತ್ತಿಡೋದಲ್ವಾ?" ಎಂದ. ಆಸಾ ತಾನು ಕಟ್ಟಿದ ಪುಟ್ಟ ಬ್ರಷ್ಷೊಂದನ್ನು, ಕೋಟು ಒರೆಸಿಕೊಳ್ಳಲೆಂದು, ಅವನ ಜೇಬಿಗೆ ತುರುಕಿದ. ಲೈಮನ್ ಬದುಕಿ ಬಂದ ಎಂದು ಈಗಲೇ ಹೇಳಿಬಿಡುತ್ತೇನೆ. ಆದರೆ ಆ ಅಕ್ಟೋಬರಿನಲ್ಲಿ ನನಗದು ಗೊತ್ತಿರಲಿಲ್ಲ.

ಹೊರೇಸ್ ಟಟಲ್‌ಗೆ ಮಾತ್ರ ಇದ್ದಕ್ಕಿದ್ದಂತೆ ಎದೆಕೆಮ್ಮು ಹಿಡಿದಿತ್ತು. ಚುನಾವಣೆಯವರೆಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದರಂತೆ. ಚುನಾವಣೆಯ ಮರುದಿನ ಅವನ ಬದಲಿಗೆ ದುಡ್ಡಿನ ಆಳೊಬ್ಬ ಹೊರಡುವನೆಂದು ಗಿರಣಿಯ ಕತ್ತೆಗೂ ಗೊತ್ತಿತ್ತು.

ಚುನಾವಣೆಯ ದಿನ ಬೆಳಿಗ್ಗೆ ನಾನು ಆಸಾನನ್ನು ಮತಗಟ್ಟೆಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಆಯಾ ಪಕ್ಷದವರೇ ತಮ್ಮ ಅಭ್ಯರ್ಥಿಗಳೆಲ್ಲರ ಹೆಸರುಗಳನ್ನು ಅಚ್ಚು ಹಾಕಿಸಿದ ಬಣ್ಣದ ಮತಚೀಟಿ ಹಂಚುತ್ತಿದ್ದರು. ಬೇಕಾದ್ದನ್ನು ಕಿಟಕಿಯೊಳಗೆ ಕೊಡಬೇಕು, ಬೇಡದ ಹೆಸರಿದ್ದರೆ ಹೊಡೆದುಹಾಕಿ ಬೇರೆ ಬರೆಯಬಹುದು. ಕುರುಡನ ಮತವೆಂದರೆ ಎರಡೂ ಕಡೆಯವರಿಗೆ ಹಬ್ಬ. ಒಂದು ತೋಳನ್ನು ವಕೀಲನ ಕಡೆಯವರು ಎಳೆದರು, ಇನ್ನೊಂದನ್ನು ಸ್ವತಃ ಟಟಲ್ ಹಿಡಿದರು.

"ಬಿಡಿ ಬಿಡಿ, ತೋಳು ಇರೋದೇ ಎರಡು," ಎಂದ ಆಸಾ. ಬಹಳ ದಿನದ ಮೇಲೆ ಅವನ ನಾಲಿಗೆ ಎದ್ದಿತ್ತು. "ನನ್ನ ಕೈಯನ್ನ ಈ ಊರಲ್ಲಿ ಯಾರೂ ನಂಬಲ್ಲ. ಈಗ ನನಗೂ ನಂಬಿಕೆ ಇಲ್ಲ, ಅದು ನನ್ನ ತಂಗಿ ಮಗನನ್ನ ಕಳಿಸ್ತು. ಇವತ್ತು ಅವಳೇ ಆರಿಸ್ಲಿ."

"ಹೆಂಗಸು ಆರಿಸೋದಾ?" ಟಟಲ್ ಬಾಯಿ ತೆರೆದರು.

"ಮತ ನನ್ನದೇ, ಸ್ವಾಮಿ. ಕಣ್ಣು ಮಾತ್ರ ಅವಳದು."

ನಾನು ಟಟಲ್ ಅವರ ಪಕ್ಷದ ಹಳದಿ ಚೀಟಿಯನ್ನೇ ತೆಗೆದುಕೊಂಡೆ. ಸೈನ್ಯದ ಡೇರೆಯಲ್ಲಿ ಜೋನಸ್ ಹಾಕುವ ಮತವೂ ಅದೇ ಎಂದು ನನಗೆ ಗೊತ್ತಿತ್ತು. ಟಟಲ್ ಅವರ ಮುಖ ಅರಳಿತು. ಪೆನ್ಸಿಲ್ ಕೇಳಿದೆ, ಅದನ್ನೂ ಕೊಟ್ಟರು. ಗೋಡೆಗೆ ಒತ್ತಿ ಹಿಡಿದು, ಅವರ ಪೆನ್ಸಿಲಿನಿಂದಲೇ ಅವರ ಹೆಸರು ಹೊಡೆದು ಬೇರೆ ಹೆಸರು ಬರೆದು, ಮಡಚಿ ಅಣ್ಣನ ಕೈಗಿಟ್ಟೆ. ಏನು ಬರೆದೆ ಎಂದು ಅವನು ಕೇಳಲಿಲ್ಲ.

ಸಂಜೆ ಎಣಿಕೆ. ಗಂಡಸರು ಒಳಗೆ ಬೆಂಚಿನ ಮೇಲೆ, ನಾವು ಹೆಂಗಸರು ಬಾಗಿಲಲ್ಲಿ. ಟಟಲ್, ಟಟಲ್, ವಕೀಲ, ಟಟಲ್ ಎಂದು ಓದುತ್ತಾ ಬಂದ ಅಧಿಕಾರಿ ಒಂದು ಚೀಟಿಯನ್ನು ದೀಪಕ್ಕೆ ಹಿಡಿದು ನಿಂತ. "ಲೈಮನ್ ಹಾಯ್ಟ್, ಒಂದು."

ಆಸಾನ ತಲೆ ಮೇಲೆದ್ದಿತು.

"ಅದು ನಡೆಯಲ್ಲ!" ಎಂದರು ಟಟಲ್. ಗೆಲ್ಲುತ್ತಿದ್ದರೂ ಅವರಿಗೆ ಆ ಒಂದು ಮತ ಸಹಿಸಲಾಗಲಿಲ್ಲ. "ಆ ಹುಡುಗನಿಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲ. ಶಾಸನಸಭೆ ಹಾಗಿರಲಿ, ಮತ ಹಾಕೋಕೂ ವಯಸ್ಸಾಗಿಲ್ಲ ಅವನಿಗೆ!"

ಆಸಾ ನಿಧಾನವಾಗಿ ಎದ್ದು ನಿಂತ. "ಹೌದಾ ಸ್ವಾಮಿ? ವಯಸ್ಸಾಗಿಲ್ವಾ? ಹಾಗಾದ್ರೆ ವಯಸ್ಸಾಗೋವರೆಗೂ ಅವನನ್ನ ಮನೆಗೆ ಕಳಿಸಿಬಿಡಿ. ಅವನ ಜಾಗಕ್ಕೆ ಹೊರೇಸನ ಆಳನ್ನ ಕಳಿಸಿ, ಹೇಗೂ ನಾಳೆ ಹೊರಟಿದಾನಲ್ಲ."

ಟಟಲ್ ತಲೆಯ ಮೇಲಿದ್ದ ಟೋಪಿಯನ್ನು ಬೆಂಚಿನ ಕೆಳಗೆ ಹುಡುಕಿದರು. ಅಧಿಕಾರಿ ಆ ಹಳದಿ ಚೀಟಿಯನ್ನು ಹರಿಯಲೂ ಇಲ್ಲ, ಎಣಿಸಲೂ ಇಲ್ಲ, ದೀಪದ ಬುಡದಲ್ಲಿ ಮೆಲ್ಲಗೆ ಇಟ್ಟ.

ಆಸಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ. ಕೈ ಚಾಚಿ ನನ್ನನ್ನು ಹುಡುಕಿದ, ಸಿಕ್ಕಿದ್ದು ಮಿಸೆಸ್ ಬಲೂಳ ನೀಲಿ ಶಾಲು. ಅದನ್ನು ಸವರಿ ಸವರಿ, "ಡಾರ್ಕಸ್, ಇದು ನೀನೇನಾ?" ಎಂದ.

ಎಷ್ಟೋ ದಿನಗಳಿಂದ ಅವನ ಜೊತೆ ನಾನು ಸರಿಯಾಗಿ ಮಾತಾಡಿರಲಿಲ್ಲ. ಪಕ್ಕಕ್ಕೆ ಹೋಗಿ ನಿಂತು ಒಂದು ಸಲ ಕೆಮ್ಮಿದೆ.